ಜೇಬಿನಲ್ಲಿ ಸಿಕ್ಕ ಮಾತ್ರೆಗಳು

ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಆ ಹೆಸರಿಂದ ಕರೆಯುವವರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಅದು ಕಾಗದಪತ್ರದಲ್ಲಷ್ಟೇ ಉಳಿಯಿತು. ಲಾಂಡ್ರಿಯವರಿಗೆ, ಗಿರಾಕಿಗಳಿಗೆ, ಬೀದಿಯವರಿಗೆ ಅವಳು ಜೇಬಮ್ಮ. ಮೂವತ್ತೊಂದು ವರ್ಷದಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ, ಒಗೆಯಲು ಬಂದ ಬಟ್ಟೆಯ ಜೇಬು ನೋಡುವುದು.

ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ ಗೊತ್ತಿಲ್ಲ. ಒಂದು ಪೆನ್ನು ಜೇಬಿನಲ್ಲಿ ಉಳಿದು ಮೆಷಿನ್ನಿಗೆ ಹೋದರೆ ನಲವತ್ತು ಬಿಳಿ ಅಂಗಿ ನೀಲಿಯಾಗಿ ಹೊರಬರುತ್ತವೆ. ಜೇಬಮ್ಮ ಗೋಣಿಯಂಥ ದೊಡ್ಡ ಚೀಲ ಬಿಚ್ಚಿ, ಪ್ರತಿ ಬಟ್ಟೆಯ ಜೇಬಿಗೂ ಎರಡು ಬೆರಳು ಇಳಿಸಿ, ಮೂಲೆಯವರೆಗೆ ತಡಕಿ, ಜೇಬನ್ನು ಒಳಮಗ್ಗುಲು ಮಾಡಿ ಕೊಡವುತ್ತಿದ್ದಳು. ಬೀಗದ ಕೈ, ಬಸ್ಸಿನ ಚೀಟಿ, ಮಗುವಿನ ಉದುರಿದ ಹಲ್ಲು, ಒಮ್ಮೆ ಒಬ್ಬ ಹಿರಿಯರ ಇಡೀ ಹಲ್ಲುಸೆಟ್ಟು, ಯಾರದೋ ಗಂಡನ ಜೇಬಿನಲ್ಲಿ ಯಾರದೋ ಹೆಂಡತಿ ಬರೆದ ಕಾಗದ. ಸಿಕ್ಕಿದ್ದನ್ನು ಕಂದು ಬಣ್ಣದ ಕವರಿಗೆ ಹಾಕಿ, ಮೇಲೆ ಬಟ್ಟೆಯ ನಂಬರು ಬರೆದು, ಇಸ್ತ್ರಿಯಾದ ಬಟ್ಟೆಯ ಜೊತೆ ಇಟ್ಟುಬಿಡುವುದು. ಕೇಳುವುದಿಲ್ಲ, ಹೇಳುವುದಿಲ್ಲ.

ಕೆಲಸ ಕಲಿಸಿದ ಮುದುಕಿ ಮೊದಲ ದಿನವೇ ಕಿವಿ ಹಿಂಡಿದ್ದಳು: "ಜೇಬೊಳಗೆ ಕೈ ಹೋಗ್ಲಿ, ಬಾಯಿ ಹೋಗಬಾರದು ಕಣೇ. ಬಾಯಿ ಹೋದ ದಿನ ಈ ಅಂಗಡಿಗೆ ಒಬ್ಬ ಗಿರಾಕೀನೂ ಬರಲ್ಲ."

ಜೇಬಮ್ಮ ಆ ಮಾತನ್ನು ಎದೆಗೆ ಕಟ್ಟಿಕೊಂಡಳು. ಆ ಹಲ್ಲುಸೆಟ್ಟಿನ ಹಿರಿಯರು ಇಂದಿಗೂ ಅವಳನ್ನು ಕಂಡರೆ ಬಾಯಿ ತುಂಬಾ ನಗುತ್ತಾರೆ.

ಅವಳ ಸೊಸೆ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಗ ಅಲ್ಲಿಯದೇ ವ್ಯಾನು ಓಡಿಸುತ್ತಿದ್ದ. ಬಟ್ಟೆ ಏರಿಸುತ್ತ ಇಳಿಸುತ್ತ ಇಬ್ಬರಿಗೂ ಮನಸ್ಸು ಕೂಡಿತ್ತು. ಮದುವೆಗೆ ಮುಂಚೆ ಹುಡುಗಿ ತಾನೇ ಜೇಬಮ್ಮನ ಎದುರು ಬಂದು ಕೂತು ಹೇಳಿದ್ದಳು.

"ನಂಗೆ ಇಪ್ಪತ್ತನೇ ವಯಸ್ಸಲ್ಲಿ ಮನಸ್ಸಿನ ಕಾಯಿಲೆ ಬಂದಿತ್ತು. ಎಂಟು ದಿನ ನಿದ್ದೆ ಇಲ್ಲ. ಬೀದೀಲಿ ಹೋಗೋರನ್ನೆಲ್ಲ ಕರೆದು ಮನೆ ಸಾಮಾನು ಹಂಚಿಬಿಟ್ಟಿದ್ದೆ. ಆಮೇಲೆ ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಈಗ ಮಾತ್ರೆ ತಗೋತೀನಿ, ಚೆನ್ನಾಗಿದೀನಿ. ಬೇಡ ಅನ್ನೋದಿದ್ರೆ ಈಗಲೇ ಅಂದ್ಬಿಡಿ."

ಜೇಬಮ್ಮ ಬೇಡ ಅನ್ನಲಿಲ್ಲ. ತನ್ನ ಜೇಬನ್ನು ತಾನೇ ಬಿಚ್ಚಿ ತೋರಿಸಿದ ಮೊದಲ ಮನುಷ್ಯಳು ಇವಳು ಎಂದು ಒಳಗೊಳಗೇ ಮೆಚ್ಚಿಕೊಂಡಳು. ಆ ಬಗ್ಗೆ ಮತ್ತೆಂದೂ ಬಾಯಿ ಬಿಡಲಿಲ್ಲ. ಅದೇ ಮರ್ಯಾದೆ ಎಂದುಕೊಂಡಿದ್ದಳು.

ಎರಡು ವರ್ಷ ಎಲ್ಲ ಸರಿಯಿತ್ತು. ಮಗು ಬೇಕು ಎಂದಾಗ ಸೊಸೆ ಮೊದಲು ತನ್ನ ಡಾಕ್ಟರಮ್ಮನ ಹತ್ತಿರ ಹೋದಳು. ಹಳೆಯ ಮಾತ್ರೆ ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ ಎಂದು ಅವರು ಅದನ್ನು ನಿಧಾನವಾಗಿ ಇಳಿಸಿ, ಬೇರೆ ಮಾತ್ರೆಗೆ ಹೊಂದಿಸಿ, ಕೆಲವು ತಿಂಗಳು ನೋಡಿ, ಆಮೇಲೆ ಒಪ್ಪಿಗೆ ಕೊಟ್ಟರು. ದಿನಕ್ಕೊಂದು, ಮಧ್ಯಾಹ್ನದ ಊಟದ ಜೊತೆ. ಬಸುರಾಗಿ ನಾಲ್ಕು ತಿಂಗಳಾಗುವ ಹೊತ್ತಿಗೆ ಸೊಸೆಯ ಏಪ್ರನ್ನಿನ ದಾರ ಹಿಂದಕ್ಕೆ ಎಟುಕದೆ ಪಕ್ಕದಲ್ಲಿ ಗಂಟು ಬೀಳತೊಡಗಿತು.

ಆಗ ಬಂದಳು ಜೇಬಮ್ಮನ ನಾದಿನಿ. ಸತ್ತ ಗಂಡನ ಅಕ್ಕ. ಬಾಯಿ ಅಂದರೆ ಬಾಯಿ, ಊರಿನ ಸುದ್ದಿಯೆಲ್ಲ ಅಲ್ಲಿ ಬಂದು ಇಳಿದು ಮುಂದಿನ ಗಾಡಿ ಹತ್ತುತ್ತಿತ್ತು. ಮಾತ್ರೆ ಬದಲಾದ ಸುದ್ದಿಯನ್ನೂ ಅವಳು ಜೇಬಮ್ಮನ ಮಗನ ಬಾಯಿಂದ ಹೇಗೋ ಹೊರಡಿಸಿದ್ದಳು. ಒಂದು ಬುಧವಾರ ಊಟದ ಹೊತ್ತಿಗೆ ಲಾಂಡ್ರಿಗೇ ಬಂದು ಕೂತವಳ ಕಣ್ಣು ಸೊಸೆಯ ಅಂಗೈ ಮೇಲಿನ ಮಾತ್ರೆಗೆ ಬಿತ್ತು.

"ಅಯ್ಯೋ, ಹೊಟ್ಟೇಲಿ ಕೂಸಿಟ್ಕೊಂಡು ತಲೆ ಮಾತ್ರೆ ನುಂಗ್ತೀಯೇನೇ? ಅದು ನಿನ್ನ ತಲೆಗೆ ಹೋಗುತ್ತೋ ಕೂಸಿನ ತಲೆಗೆ ಹೋಗುತ್ತೋ, ಯಾರು ನೋಡಿದಾರೆ?"

"ಕೂಸಿನ ವಿಷಯ ಯೋಚಿಸಿಯೇ ಡಾಕ್ಟರು ಕೊಟ್ಟಿದಾರೆ ಅಮ್ಮ," ಎಂದಳು ಸೊಸೆ.

"ಹಳೇದನ್ನೂ ಅವರೇ ಕೊಟ್ಟಿದ್ದು ತಾನೇ? ಆಮೇಲೆ ಅದು ಕೂಸಿಗೆ ಆಗಲ್ಲ ಅಂದ್ರಂತೆ? ಇದನ್ನ ನಾಳೆ ಏನಂತಾರೋ! ನಾನು ಐದು ಹೆತ್ತೆ. ಒಂದು ತಲೆನೋವಿನ ಗುಳಿಗೇನೂ ಮುಟ್ಟಲಿಲ್ಲ."

ಸೊಸೆ ಅತ್ತೆಯ ಮುಖ ನೋಡಿದಳು. ಜೇಬಮ್ಮನಿಗೆ ಹೇಳಲು ಮಾತೇನೋ ಇತ್ತು. ಆದರೆ ಎದುರಿಗಿದ್ದವಳು ಗಂಡನ ಅಕ್ಕ, ಸುತ್ತ ಕೂತವರು ಕೆಲಸದವರು, ನಡುವೆ ಇದ್ದದ್ದು ಸೊಸೆಯ ಗುಟ್ಟು. ತಟ್ಟೆಯ ಕಡೆ ಮುಖ ಹಾಕಿ ಊಟ ಮಾಡಿದಳು.

ಮರುದಿನದಿಂದ ಸೊಸೆ ಮಾತ್ರೆ ನುಂಗುವುದನ್ನು ಬಿಟ್ಟಳು. ಯಾರಿಗೂ ಗೊತ್ತಾಗಲಿಲ್ಲ. ಅಂಗೈಯನ್ನು ಬಾಯಿಗೆ ಒಯ್ದು, ನೀರು ಕುಡಿದು, ಕೈಯನ್ನು ಏಪ್ರನ್ನಿಗೆ ಒರೆಸುವ ಹಾಗೆ ಮಾಡಿ ಮಾತ್ರೆಯನ್ನು ಜೇಬಿಗೆ ಇಳಿಸುತ್ತಿದ್ದಳು.

ಕೆಲಸದವರ ಏಪ್ರನ್ನುಗಳು ಸೋಮವಾರ ಒಗೆತಕ್ಕೆ ಬೀಳುತ್ತಿದ್ದವು. ಹನ್ನೊಂದನೆಯ ನಂಬರು ಸೊಸೆಯದು. ಜೇಬಮ್ಮ ಎರಡು ಬೆರಳು ಇಳಿಸಿದಳು. ಮೂಲೆಯಲ್ಲಿ ಮೂರು ಬಿಳಿ ಮಾತ್ರೆ.

ಮರೆತಳೇ? ಒಂದಾದರೆ ಮರೆವು, ಮೂರೂ ಮರೆವೇ? ಕರೆದು ಕೇಳಿಬಿಡಲೇ? ಗೋಡೆಯ ಆಚೆಯಿಂದ ಸೊಸೆಯ ಇಸ್ತ್ರಿಯ ಸದ್ದು ಕೇಳುತ್ತಿತ್ತು. ಉಗಿಯದೊಂದು ಉಸ್, ಪೆಟ್ಟಿಗೆ ಇಟ್ಟ ಟಪ್, ನಡುವೆ ಅಂಗಿ ತಿರುಗಿಸುವಷ್ಟು ಬಿಡುವು. ಆ ಸದ್ದು ಸಮವಾಗಿತ್ತು. ಕೇಳಿದರೆ ಅವಳಿಗೆ ಅವಮಾನ, ಪಕ್ಕದಲ್ಲಿ ನಾಲ್ಕು ಜನ ಇದ್ದಾರೆ ಎಂದುಕೊಂಡ ಜೇಬಮ್ಮ, ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡಿದಳು. ಮೂರು ಮಾತ್ರೆಯನ್ನು ಕಂದು ಕವರಿಗೆ ಹಾಕಿದಳು. ಮೇಲೆ ಹನ್ನೊಂದು ಎಂದು ಬರೆದಳು. ಹೋಗಿ ಸೊಸೆಯ ಇಸ್ತ್ರಿ ಮೇಜಿನ ಮೂಲೆಯಲ್ಲಿಟ್ಟು, ಒಂದು ಮಾತೂ ಆಡದೆ ಹಿಂದಿರುಗಿದಳು.

ಬಾಗಿಲ ಸಂದಿಯಿಂದ ತಿರುಗಿ ನೋಡಿದಾಗ ಸೊಸೆ ಕವರು ಬಿಚ್ಚಿ ನೋಡುತ್ತಿದ್ದಳು. ತಲೆಯೆತ್ತಿ ಅತ್ತೆಯತ್ತ ನಕ್ಕಳು. ಕಣ್ಣಲ್ಲಿ ನೀರಿತ್ತು.

ಅರ್ಥ ಮಾಡಿಕೊಂಡಳು, ಇನ್ನು ತಗೋತಾಳೆ ಎಂದುಕೊಂಡಳು ಜೇಬಮ್ಮ.

ಮುಂದಿನ ಸೋಮವಾರ ಹನ್ನೊಂದನೆಯ ನಂಬರಿನ ಜೇಬು ಖಾಲಿ. ಮೂಲೆಯ ನೂಲಿನವರೆಗೆ ತಡಕಿದಳು, ಏನೂ ಇಲ್ಲ. ಜೇಬಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಅವಳ ಕಿವಿಗೆ ಏನೋ ತಗುಲಿತು.

ಗೋಡೆಯಾಚೆಯ ಸದ್ದು. ಉಸ್ ಟಪ್, ಉಸ್ ಟಪ್, ಉಸ್ ಟಪ್. ನಡುವೆ ಬಿಡುವೇ ಇಲ್ಲ.

"ನಿಮ್ಮ ಸೊಸೆ ಕೈಗೆ ಚಕ್ರ ಕಟ್ಕೊಂಡಿದಾರೇನ್ರೀ?" ಯಜಮಾನರು ಬಾಯಿ ತುಂಬಾ ಹೊಗಳಿದರು. "ಮೂರು ಜನರ ಕೆಲಸ ಒಬ್ಬರೇ ಮಾಡ್ತಿದಾರೆ! ಬಸುರಿ ಅಂದ್ರೆ ಯಾರು ನಂಬ್ತಾರೆ?"

ಜೇಬಮ್ಮ ನಗಲು ಹೋದಳು, ಆಗಲಿಲ್ಲ. ಮಂಗಳವಾರ ಊಟಕ್ಕೆ ಕೂತಾಗ ಸೊಸೆ ಎರಡು ತುತ್ತು ತಿಂದು ಎದ್ದಳು. ಒಂದು ಮಾತು ಹಿಡಿದರೆ ಮುಗಿಸುವ ಮೊದಲು ಇನ್ನೊಂದು. ಕೂಸಿಗೆ ತೊಟ್ಟಿಲು, ತೊಟ್ಟಿಲಿಗೆ ಬಣ್ಣ, ಬಣ್ಣದ ಅಂಗಡಿಯವನ ಅಂಗಿ, ಅವನ ಅಂಗಿಗೆ ಒಂದು ಗುಂಡಿ ಇಲ್ಲ, ಪಾಪ, ತಾನೇ ಹಾಕಿಕೊಡಬೇಕು.

ಜೇಬಮ್ಮ ವ್ಯಾನಿನ ಹತ್ತಿರ ಹೋಗಿ ಮಗನನ್ನು ಹಿಡಿದಳು. "ಅವಳು ನಿದ್ದೆ ಮಾಡ್ತಾಳೇನೋ?"

"ನಾನು ಮಲಗುವಾಗ ಏನೋ ಹೊಲೀತಿರ್ತಾಳೆ. ಏಳುವಾಗಲೂ ಹೊಲೀತಿರ್ತಾಳೆ. ಖುಷಿಯಾಗಿದಾಳಮ್ಮ, ಕೂಸು ಬರುತ್ತಲ್ಲ!"

"ಖುಷಿ," ಎಂದಳು ಜೇಬಮ್ಮ. ನಾಲಿಗೆಯ ತುದಿಗೆ ಬಂದದ್ದು ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಜೇಬು ಖಾಲಿ ಇತ್ತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದೊಂದು ದಿನವೂ ಕಳೆಯಿತು.

ಬುಧವಾರ ಬೆಳಗ್ಗೆ ಸೊಸೆಯ ಇಸ್ತ್ರಿಯ ಸದ್ದೇ ಇರಲಿಲ್ಲ. ಬದಲಿಗೆ ಕತ್ತರಿಯ ಸದ್ದು. ಕಚಕ್, ಕಚಕ್.

ಜೇಬಮ್ಮ ಕೈಲಿದ್ದ ಚೀಲ ಬಿಟ್ಟು ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಇಸ್ತ್ರಿ ಕೋಣೆಯಲ್ಲಿ, ತೂಗುಹಾಕಿದ ಅಂಗಿಗಳ ಸಾಲಿನ ನಡುವೆ, ಸೊಸೆ ನಿಂತಿದ್ದಳು. ಕೊರಳಪಟ್ಟಿಯ ಒಳಗೆ ಹೊಲಿದ ನಂಬರು ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ ಹಾಕುತ್ತಿದ್ದಳು. ಕಾಲ ಬುಡದಲ್ಲಿ ಬಿಳಿ ಪಟ್ಟಿಗಳ ರಾಶಿ. ಲಾಂಡ್ರಿಯಲ್ಲಿ ನಂಬರಿಲ್ಲದ ಅಂಗಿ ಅಂದರೆ ಸಂತೆಯಲ್ಲಿ ಕೈ ತಪ್ಪಿದ ಕೂಸು ಇದ್ದ ಹಾಗೆ. ಯಾರದೆಂದು ಹೇಳುವವರಿಲ್ಲ.

ಯಜಮಾನರು ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದರು. "ಎಂಬತ್ತಾರು ಅಂಗಿ! ಎಂಬತ್ತಾರು ಅಂಗಿ ಕಣ್ರೀ!"

"ನಂಬರ್ ಯಾಕೆ ಬೇಕು?" ಸೊಸೆ ಬೆಳಗಿದ ಮುಖದಲ್ಲಿ ಹೇಳಿದಳು. ಕಣ್ಣು ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. "ಇವರೆಲ್ಲ ನಂಗೆ ಗೊತ್ತು. ಒಬ್ಬೊಬ್ಬರ ಮುಖಾನೂ ಗೊತ್ತು. ಅಂಗಿ ಮುಟ್ಟಿದ್ರೆ ಅವರ ಮನಸ್ಸೇ ಗೊತ್ತಾಗುತ್ತೆ. ಜೈಲಿನವರ ಹಾಗೆ ನಂಬರ್ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಕತ್ತರಿ ಅವಳ ಕೈಯಲ್ಲೇ ಇತ್ತು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಮುಖ ಅಡಿಯಾಗಿ ಬಿದ್ದು ಬಟ್ಟೆ ಕಂದುತ್ತಿತ್ತು. ಜೇಬಮ್ಮ ಮೊದಲು ಅದರ ಸ್ವಿಚ್ಚು ಆರಿಸಿದಳು. ಆಮೇಲೆ ಯಜಮಾನರ ಎದುರಿಗೇ, ಇಸ್ತ್ರಿಯ ಉಳಿದ ನಾಲ್ವರ ಎದುರಿಗೇ ಕೇಳಿದಳು.

"ಮಾತ್ರೆ ತಗೊಂಡ್ಯೇನೇ?"

ಸೊಸೆ ಅತ್ತೆಯನ್ನು ವಿಚಿತ್ರವಾಗಿ ನೋಡಿದಳು.

"ನೀವೇ ಬೇಡ ಅಂದ್ರಲ್ಲ ಅತ್ತೆ."

"ನಾನೆಲ್ಲಿ ಅಂದೆ?"

"ಕವರಲ್ಲಿ ಹಾಕಿಕೊಟ್ರಲ್ಲ. ಅವತ್ತು ಊಟಕ್ಕೆ ಕೂತಾಗ ಅವರು ಅಷ್ಟೆಲ್ಲ ಅಂದ್ರೂ ನೀವು ಸುಮ್ಮನಿದ್ರಿ. ಆಮೇಲೆ ಜೇಬಲ್ಲಿ ಸಿಕ್ಕಿದಾಗ್ಲೂ ಸುಮ್ಮನೆ ತಂದಿಟ್ರಿ. ನುಂಗು ಅನ್ಲಿಲ್ಲ. ಇಟ್ಕೋ, ನನಗೆ ಗೊತ್ತು, ಯಾರಿಗೂ ಹೇಳಲ್ಲ ಅಂತ ತಾನೇ ಅದರರ್ಥ? ನಂಗೆ ಎಷ್ಟು ಧೈರ್ಯ ಬಂತು ಗೊತ್ತಾ? ಆಮೇಲಿಂದ ಎಲ್ಲಾ ಅದರಲ್ಲೇ ಹಾಕಿಡ್ತಿದೀನಿ."

ಏಪ್ರನ್ನಿನ ಒಳಗಿಂದ ಕಂದು ಕವರು ತೆಗೆದು ಕುಲುಕಿದಳು. ಒಳಗೆ ಮಾತ್ರೆಗಳು ಗಲಗಲ ಎಂದವು.

ಮೂವತ್ತೊಂದು ವರ್ಷದ ಮರ್ಯಾದೆ ಆ ಸದ್ದಿನಲ್ಲಿ ಪುಡಿಯಾಯಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರವನ್ನೇ ಅರೆದು ಸೊಸೆಗೆ ಕುಡಿಸಿದೆನಲ್ಲ ಎಂದುಕೊಂಡಳು ಜೇಬಮ್ಮ. ಅಳಲು ಹೊತ್ತಿರಲಿಲ್ಲ. ಕತ್ತರಿ ಇನ್ನೂ ಆ ಕೈಯಲ್ಲಿತ್ತು, ಹೊಟ್ಟೆಯಲ್ಲಿ ಕೂಸಿತ್ತು.

"ತಪ್ಪು ನಂದು," ಎಂದಳು. "ನಾನು ಬಾಯಿ ಬಿಟ್ಟು ಕೇಳಬೇಕಿತ್ತು, ಕೇಳಲಿಲ್ಲ. ಬೇಡ ಅಂತ ನನ್ನ ಮನಸ್ಸಲ್ಲಿ ಇರಲೇ ಇಲ್ಲ ಕಣೇ. ಡಾಕ್ಟರಮ್ಮನ ಹತ್ರ ಹೋಗೋಣ ಬಾ."

"ಇನ್ನೂ ಕೆಲಸ ಇದೆ."

"ಇರಲಿ."

"ನಂಗೇನಾಗಿದೆ? ನಂಗೆ ಇಷ್ಟು ಚೆನ್ನಾಗಿ ಯಾವತ್ತೂ ಅನ್ನಿಸಿರಲಿಲ್ಲ! ನೀವೂ ಅವರ ಕಡೆ ಸೇರಿಕೊಂಡ್ರಾ?" ಸ್ವರ ಏರಿತು. ಯಜಮಾನರು ಒಂದು ಹೆಜ್ಜೆ ಮುಂದಿಟ್ಟರು. ಜೇಬಮ್ಮ ಕೈಯೆತ್ತಿ ತಡೆದಳು.

"ನಿನಗೇನೋ ಆಗಿದೆ ಅಂತ ನಾನಂದ್ನಾ? ಕೂಸಿನ ಬಗ್ಗೆ ನಿನಗೆ ಭಯ ಇದೆ. ನನಗೂ ಇದೆ. ಆ ಭಯಾನ ಇಬ್ಬರೂ ಸೇರಿ ಡಾಕ್ಟರಮ್ಮನ್ನೇ ಕೇಳಿಬಿಡೋಣ. ಮಾತ್ರೆಯಿಂದ ಕೂಸಿಗೆ ಏನಾಗುತ್ತೆ, ಬಿಟ್ರೆ ಏನಾಗುತ್ತೆ. ನಾನೇ ಕೇಳ್ತೀನಿ. ನೀನು ಪಕ್ಕದಲ್ಲಿರು ಸಾಕು."

ಕೂಸು ಎಂಬ ಮಾತಿಗೆ ಆ ಕಣ್ಣು ಒಂದು ಗಳಿಗೆ ನಿಂತಿತು. ಬೆಳಗುತ್ತಿದ್ದ ಮುಖದ ಹಿಂದೆ ಎಲ್ಲೋ ಹಳೆಯ ಹುಡುಗಿ ಇಣುಕಿದಳು. ತನ್ನ ಕಾಯಿಲೆಯನ್ನು ತಾನೇ ಬಿಚ್ಚಿಟ್ಟವಳು.

"ಕೇಳ್ತೀರಾ? ಬಾಯಿ ಬಿಟ್ಟು?"

"ಬಾಯಿ ಬಿಟ್ಟು."

ಸೊಸೆ ಕತ್ತರಿಯನ್ನು ಅಂಗಿಗಳ ಮೇಲೆ ಇಟ್ಟಳು.

ಮಗ ಒದ್ದೆ ಚಾದರದ ಚೀಲಗಳ ಸಮೇತ ವ್ಯಾನು ತಿರುಗಿಸಿದ. ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಇದ್ದಳು. ಎರಡು ಸಲ ಇಳಿಯುತ್ತೇನೆ ಎಂದು ಬಾಗಿಲ ಹಿಡಿಗೆ ಕೈ ಹಾಕಿದಳು. ಜೇಬಮ್ಮ ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೂಂ, ಹೂಂ ಎನ್ನುತ್ತಲೇ ಕೂತಳು. ಕೈ ಮಾತ್ರ ಸಡಿಲಿಸಲಿಲ್ಲ.

ಡಾಕ್ಟರಮ್ಮ ಕವರನ್ನು ಮೇಜಿನ ಮೇಲೆ ಸುರುವಿ ಎಣಿಸಿದರು. ಹದಿಮೂರು.

"ಹದಿಮೂರು ದಿನ," ಎಂದರು. ಬೈಯಲಿಲ್ಲ. ಅದರಿಂದ ಜೇಬಮ್ಮನಿಗೆ ಇನ್ನೂ ಭಯವಾಯಿತು.

"ಈ ಹದಿಮೂರನ್ನೂ ಈಗಲೇ ನುಂಗಿಸಿದ್ರೆ ಸರಿಹೋಗುತ್ತಾ ಡಾಕ್ಟರಮ್ಮ?" ಮಗ ಕೇಳಿದ.

"ಅಯ್ಯೋ, ಖಂಡಿತಾ ಬೇಡ. ಬಿಟ್ಟಿದ್ದನ್ನ ಒಟ್ಟಿಗೆ ತುಂಬಿಸೋ ಹಾಗಿಲ್ಲ. ಎಷ್ಟರಿಂದ ಶುರು ಮಾಡಬೇಕು ಅಂತ ನಾನು ನೋಡ್ತೀನಿ. ಕೆಲವು ದಿನ ಇಲ್ಲೇ ಇರಬೇಕು. ಹೆರಿಗೆ ಡಾಕ್ಟರಿಗೂ ಈಗಲೇ ತಿಳಿಸ್ತೀನಿ."

ಜೇಬಮ್ಮ ಕೊಟ್ಟ ಮಾತಿನಂತೆ ಕೇಳಿದಳು. "ಈ ಮಾತ್ರೆ ಕೂಸಿಗೆ ಕೆಟ್ಟದ್ದಾ? ನಿಜ ಹೇಳಿ. ಇವಳಿಗೂ ಕೇಳೋ ಹಾಗೆ ಹೇಳಿ."

ಡಾಕ್ಟರಮ್ಮ ಸೊಸೆಯ ಕಡೆಗೇ ತಿರುಗಿ ಹೇಳಿದರು. "ಹಳೇದು ಕೂಸಿಗೆ ಕೆಟ್ಟದ್ದು ಅಂತ ಗೊತ್ತಿತ್ತು, ಅದಕ್ಕೇ ಮೊದಲೇ ಬದಲಾಯಿಸಿದ್ದು. ಈಗಿನದನ್ನ ಎಷ್ಟೋ ತಾಯಂದಿರು ತಗೊಂಡಿದಾರೆ, ನೋಡಿದೀವಿ. ಏನೂ ಆಗೋದೇ ಇಲ್ಲ ಅಂತ ಯಾವ ಡಾಕ್ಟರೂ ಬರೆದುಕೊಡಲ್ಲ, ನಾನೂ ಕೊಡಲ್ಲ. ಆದ್ರೆ ತಕ್ಕಡಿಗೆ ಇನ್ನೊಂದು ತಟ್ಟೆ ಇದೆಯಲ್ಲ. ನಿದ್ದೆ ಇಲ್ಲ, ಊಟ ಇಲ್ಲ, ಕೈಲಿ ಕತ್ತರಿ. ಅದೂ ಕೂಸಿಗೆ ಮುಟ್ಟುತ್ತೆ. ಎರಡನ್ನೂ ತೂಗಿಯೇ ಕೊಟ್ಟಿದ್ದು. ಬಿಡಬೇಕು ಅನ್ನಿಸಿದ್ರೆ ಬಿಡೋ ಮುಂಚೆ ನನ್ನ ಬಾಗಿಲು ತಟ್ಟು. ಎಷ್ಟು ಸಲ ಬೇಕಾದ್ರೂ ತಟ್ಟು."

ಸೊಸೆ ಎಷ್ಟು ಕೇಳಿಸಿಕೊಂಡಳೋ. ಹೆರಿಗೆ ವಿಭಾಗದಲ್ಲಿ ಹೊಟ್ಟೆಯ ಮೇಲೆ ಯಂತ್ರ ಇಟ್ಟಾಗ ಮಾತ್ರ ಅವಳ ಬಾಯಿ ನಿಂತಿತು. ಮೊದಲು ಬರೀ ಗೊರಗೊರ. ನರ್ಸು ಯಂತ್ರವನ್ನು ಆಚೆ ಈಚೆ ಸರಿಸಿದಳು. ಮತ್ತೂ ಗೊರಗೊರ. ಜೇಬಮ್ಮ ಉಸಿರು ಬಿಗಿಹಿಡಿದು ಕಿವಿಯಾದಳು. ಆಮೇಲೆ ಬಂತು, ಓಡುವ ಕುದುರೆಯ ಹೆಜ್ಜೆಯ ಹಾಗೆ, ಟಪಟಪ ಟಪಟಪ. ಬಿಡುವೇ ಇಲ್ಲದ ಸದ್ದು.

"ಇಷ್ಟು ಜೋರಾಗಿ ಹೊಡ್ಕೋಬೇಕಾ ಅಮ್ಮ?" ಜೇಬಮ್ಮ ಗಾಬರಿಯಿಂದ ನರ್ಸನ್ನು ಕೇಳಿದಳು.

"ಕೂಸಿಂದು ಹಾಗೇ ಅಜ್ಜಿ. ಚೆನ್ನಾಗಿದೆ."

ಮೂರು ವಾರ ಆಸ್ಪತ್ರೆ. ಮೊದಲ ವಾರ ಸೊಸೆ ಅತ್ತೆಯ ಮುಖ ನೋಡಲೊಲ್ಲೆ ಎಂದಳು. ಎರಡನೆಯ ವಾರ ಬರೀ ನಿದ್ದೆ. ಮೂರನೆಯ ವಾರ ಒಂದು ಬೆಳಗ್ಗೆ ತಾನಾಗಿ ಕೇಳಿದಳು, "ಅತ್ತೆ, ಆ ಅಂಗಿಗಳು ಏನಾದವು?"

ಆ ಅಂಗಿಗಳ ಕಥೆಯೇ ಬೇರೆ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಜೇಬಮ್ಮ ಎಂಬತ್ತಾರು ಅಂಗಿಯ ಜೇಬಿಗೂ ಎರಡು ಬೆರಳು ಇಳಿಸಿ ಹೇಳುತ್ತ ಹೋಗಿದ್ದಳು. ಎಡಮೂಲೆ ಸವೆದಿದೆ, ಬೀಗದ ಕೈ ಇಡುವ ಮೇಷ್ಟರದು. ತಳದಲ್ಲಿ ಹಸಿರು ಕಲೆ, ಬಣ್ಣದ ಅಂಗಡಿಯವನದು. ಬಾಯಿ ಹಿಗ್ಗಿದೆ, ಹಲ್ಲುಸೆಟ್ಟಿನ ಹಿರಿಯರದು. ಮೂರೇ ಮೂರು ಅಂಗಿ ಗುರುತು ಸಿಗದೆ ಉಳಿದವು.

"ಒಂದನ್ನ ನಿನ್ನ ಗಂಡ ಹಾಕ್ಕೊಂಡು ಓಡಾಡ್ತಿದಾನೆ," ಎಂದಳು ಜೇಬಮ್ಮ. "ಯಾರಾದ್ರೂ ಹಿಡಿದ್ರೆ ಬಿಚ್ಚಿಕೊಡ್ತಾನಂತೆ."

ಸೊಸೆ ನಕ್ಕಳು. ನಕ್ಕು ಅತ್ತಳು. "ಇನ್ಮೇಲೆ ಕೇಳ್ತೀರಾ ಅತ್ತೆ, ದಿನಾ?"

"ನಿನಗೆ ಸಾಕು ಸಾಕು ಅನ್ನಿಸೋವರೆಗೆ."

ಲಾಂಡ್ರಿಗೆ ಮರಳಿದ ಮೇಲೆ ಊಟದ ಹೊತ್ತಿಗೆ, ಮೆಷಿನ್ನುಗಳ ಗದ್ದಲದ ಮೇಲೆ, ಎಲ್ಲರಿಗೂ ಕೇಳುವಂತೆ ಜೇಬಮ್ಮ ಕೂಗುತ್ತಿದ್ದಳು: "ಆಯ್ತಾ?" ಆ ಕಡೆಯಿಂದ "ಆಯ್ತು!" ಮೊದಮೊದಲು ಇಸ್ತ್ರಿಯ ಆ ನಾಲ್ವರೂ ಮುಖ ಮುಖ ನೋಡಿಕೊಂಡರು. ತಿಂಗಳಲ್ಲಿ ಅವರಲ್ಲೊಬ್ಬಳು ತನ್ನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಾನೂ "ನಂದೂ ಆಯ್ತು!" ಎಂದು ಕೂಗತೊಡಗಿದಳು.

ದಿನ ತುಂಬಿತು. ಹೆರಿಗೆ ಕೋಣೆಗೆ ಕರೆದೊಯ್ಯುವ ಮುನ್ನ ನರ್ಸೊಬ್ಬಳು ಕಾಗದ ಹಿಡಿದು ಬಂದಳು. ನಾದಿನಿಯೂ ಬಂದು ನಿಂತಿದ್ದಳು. ಸುದ್ದಿಯಿದ್ದಲ್ಲಿ ಅವಳು ಇರಲೇಬೇಕು.

"ಬೇರೆ ಯಾವುದಾದ್ರೂ ಮಾತ್ರೆ ತಗೋತಿದಾರಾ?"

ಸೊಸೆ ನೋವಿಗೆ ಹಲ್ಲು ಕಚ್ಚಿದ್ದಳು. ನಾದಿನಿ ಜೇಬಮ್ಮನನ್ನು ಮೊಣಕೈಯಿಂದ ತಿವಿದಳು. "ಶಕ್ತಿ ಮಾತ್ರೆ ಅಂದ್ಬಿಡು. ಇಷ್ಟು ಜನರ ಮುಂದೆ ಹೇಳೋದಾ? ನಾಳೆ ಕೂಸಿಗೂ ಅದೇ ಹೆಸರು ಅಂಟುತ್ತೆ."

ಸೊಸೆ ಅತ್ತೆಯನ್ನು ನೋಡಿದಳು. ಅಂದು ಊಟಕ್ಕೆ ಕೂತಾಗ ನೋಡಿದ್ದ ಹಾಗೆಯೇ.

ಜೇಬಮ್ಮ ಚೀಲದಿಂದ ಕಂದು ಕವರು ತೆಗೆದಳು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಅದರಲ್ಲಿತ್ತು. ಓದು ಅವಳಿಗೆ ಅಷ್ಟಕ್ಕಷ್ಟೇ. ಅಕ್ಷರ ಅಕ್ಷರ ಕೂಡಿಸಿ, ಕೋಣೆಯ ಆ ತುದಿಗೂ ಕೇಳುವಂತೆ ಮಾತ್ರೆಯ ಹೆಸರು ಓದಿದಳು.

"ಮನಸ್ಸಿನ ಕಾಯಿಲೆಗೆ. ದಿನಕ್ಕೊಂದು. ನಿನ್ನೆ ಮಧ್ಯಾಹ್ನದ್ದು ತಗೊಂಡಿದಾಳೆ, ನಾನೇ ಕೇಳಿದೀನಿ. ನಡುವೆ ಹದಿಮೂರು ದಿನ ಬಿಟ್ಟಿದ್ಳು, ಅದನ್ನೂ ಬರ್ಕೊಳ್ಳಿ."

ನರ್ಸು ತಲೆಯೆತ್ತದೆ ಬರೆದುಕೊಂಡಳು. "ಹೇಳಿದ್ದು ಒಳ್ಳೇದಾಯ್ತು ಅಜ್ಜಿ. ಕೂಸನ್ನ ಎರಡು ದಿನ ಹತ್ತಿರದಿಂದ ನೋಡ್ಕೋತೀವಿ. ಹೆರಿಗೆ ಆದ್ಮೇಲೂ ಇವರಿಗೆ ಮಾತ್ರೆ ನಿಲ್ಲಿಸಬಾರದು, ಆಗಲೇ ಇನ್ನೂ ಹುಷಾರಾಗಿರಬೇಕು." ಅಷ್ಟೇ. ನಾದಿನಿ ಏನೋ ಹೇಳಹೊರಟು, ಕೇಳುವವರು ಯಾರೂ ಇಲ್ಲದ್ದು ಕಂಡು ಸೆರಗು ಸರಿಮಾಡಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು. ಡಾಕ್ಟರು ಅಂಗೈ, ಅಂಗಾಲು, ಉಸಿರು, ಎಲ್ಲ ನೋಡಿ ಸದ್ಯಕ್ಕೆ ಎಲ್ಲ ಸರಿಯಿದೆ ಎಂದರು. ಸದ್ಯಕ್ಕೆ ಎಂಬ ಮಾತನ್ನು ಜೇಬಮ್ಮ ಕಿವಿಯಲ್ಲಿ ಇಟ್ಟುಕೊಂಡಳು. ನರ್ಸು ಒಂದೇ ನಂಬರು ಬರೆದ ಎರಡು ಪಟ್ಟಿ ತಂದು ಒಂದನ್ನು ತಾಯಿಯ ಕೈಗೆ, ಒಂದನ್ನು ಕೂಸಿನ ಬೆರಳುದ್ದದ ಕಾಲಿಗೆ ಕಟ್ಟಿದಳು.

ಸೊಸೆ ದಣಿದ ಕಣ್ಣು ಬಿಟ್ಟು ಆ ಪಟ್ಟಿಯನ್ನೇ ನೋಡಿದಳು.

"ಇದನ್ನ ಕತ್ತರಿಸಲ್ಲ ಅತ್ತೆ," ಎಂದಳು.

"ಕತ್ತರಿಸಿದ್ರೂ ನಾನು ಗುರುತು ಹಿಡೀತೀನಿ ಬಿಡು," ಎಂದಳು ಜೇಬಮ್ಮ. ಆಮೇಲೆ ಗೋಡೆಯ ಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡು ಕೇಳಿದಳು, "ಇವತ್ತಿಂದು ಆಯ್ತಾ?"